ಟಾರ್ಗೆಟ್ ಹದಿನೈದು, ಕಲ್ಲು ಎರಡು

ನಾನು ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವಳು. ಆದರೂ ಇಂಗ್ಲಿಷಿನ ಒಂದು ಶಬ್ದವನ್ನು ಇನ್ನು ಬಾಯಲ್ಲಿ ಆಡಕೂಡದೆಂದು ತೀರ್ಮಾನಿಸಿದ್ದೇನೆ. ಆ ಶಬ್ದ ಟಾರ್ಗೆಟ್. ನಮ್ಮ ಸೋಲಾಪುರದಲ್ಲಿ ಅದು ಇಲ್ಲದ ಮನೆಯಿಲ್ಲ. ವಿಮೆಯವನಿಗೆ ಟಾರ್ಗೆಟ್, ಚಾದರ ಮಾರುವವನಿಗೆ ಟಾರ್ಗೆಟ್, ಸಂಜೆ ವಾಕಿಂಗಿಗೆ ಹೋಗುವ ಪಕ್ಕದ ಮನೆಯ ಅಜ್ಜಿಗೂ ಡಾಕ್ಟರರು ಕೊಟ್ಟ ಟಾರ್ಗೆಟ್. ಗುರಿ ಎಂದರೆ ನಾವೇ ಇಟ್ಟುಕೊಳ್ಳುವಂಥದ್ದು ಎಂಬ ಭಾವನೆಯಾದರೂ ಇತ್ತು. ಇದು ಮಾತ್ರ ಯಾವಾಗಲೂ ಮೇಲಿನಿಂದಲೇ ಬರುತ್ತದೆ. ನನಗಂತೂ ಅಕ್ಷರಶಃ ಮೇಲಿನಿಂದ ಬಂತು, ಅದೂ ಎರಡು ಸಲ.

ನಾನು ಕೆಲಸ ಮಾಡುವುದು ಒಂದು ಖಾಸಗಿ ಕಾಲೇಜಿನಲ್ಲಿ, ತಾಸಿನ ಲೆಕ್ಕದ ಪ್ರಾಧ್ಯಾಪಕಿಯಾಗಿ. ವಾರಕ್ಕೆ ಒಂಬತ್ತು ತಾಸು ಸಿಕ್ಕರೆ ಪ್ರಾಧ್ಯಾಪಕಿ, ಸಿಗದಿದ್ದರೆ ಬರೀ ಪದವೀಧರೆ. ಹೋದ ಚಳಿಗಾಲದಲ್ಲಿ ಪ್ರಾಚಾರ್ಯರು ನನ್ನನ್ನು ಕರೆದು, "ಮ್ಯಾಡಮ್, ತುಮ್ಚಾ ಟಾರ್ಗೆಟ್ ಪಂಧರಾ" ಅಂದರು. ಮುಂದಿನ ವರ್ಷದ ಪ್ರವೇಶಕ್ಕೆ ಹಳ್ಳಿಗಳಿಂದ ಹದಿನೈದು ಮಕ್ಕಳನ್ನು ತರಬೇಕು. ನನಗೆ ಕನ್ನಡ ಬರುತ್ತದಾದ್ದರಿಂದ ಅಕ್ಕಲಕೋಟ ತಾಲೂಕು ನನ್ನ ಪಾಲಿಗೆ. ಹದಿನೈದು ತುಂಬದಿದ್ದರೆ ತಾಸುಗಳ ವಿಚಾರ ಆಮೇಲೆ ನೋಡೋಣ ಎಂದೂ ಹೇಳಿದರು, ನಗುನಗುತ್ತಲೇ.

ನಾಗಣಸೂರಿನಲ್ಲಿ ನನ್ನ ಸೋದರತ್ತೆ ಇದ್ದಾಳೆ. ಹಿಂದಿನ ವರ್ಷವೂ ಅವಳ ಓಣಿಯಿಂದ ನಾಲ್ಕು ಹುಡುಗಿಯರನ್ನು ನಮ್ಮ ಕಾಲೇಜಿಗೆ ಸೇರಿಸಿದ್ದೆ. ಅವಳ ಕೈಗೆ ನಾಲ್ಕು ಫಾರ್ಮು ಕೊಟ್ಟರೆ ಓಣಿಯ ಹುಡುಗಿಯರ ಹೆಸರು ತುಂಬಿ ಬರುತ್ತವೆ ಎಂದು ಲೆಕ್ಕ ಹಾಕಿ ಬಸ್ಸು ಹತ್ತಿದೆ. ಮನೆಗೆ ಬೀಗ. ಅತ್ತೆ ಹೊಲದಲ್ಲಿದ್ದಾಳೆ ಅಂದರು. ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟುವ ಕಾಲ, ಹೊಲದ ನಡುವೆ ಅಟ್ಟ ಕಟ್ಟಿಕೊಂಡು ಹೆಂಗಸರು ಕವಣಿಯಲ್ಲಿ ಕಲ್ಲು ಬೀಸಿ ಹಕ್ಕಿ ಎಬ್ಬಿಸುವ ದಿನಗಳು. ಅಂಥ ಹೊಲಕ್ಕೆ ಕಾಲಿಡುವವರು ಬದುವಿನ ಮೇಲೆ ನಿಂತು "ಹೋ" ಎಂದು ಒದರಬೇಕು. ಅಟ್ಟದ ಮೇಲಿನವರು ತಿರುಗಿ "ಹೋ" ಅನ್ನುವವರೆಗೆ ಬೆಳೆಯೊಳಗೆ ಇಳಿಯಬಾರದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಸಣ್ಣವಳಿದ್ದಾಗ ನಾನೂ ಒದರಿದವಳೇ. ಆದರೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬಗಲಲ್ಲಿ ಕಾಲೇಜಿನ ಫೈಲು ಹಿಡಿದು, ಎಂ.ಎ. ಆದವಳು ಬದುವಿನ ಮೇಲೆ ನಿಂತು ಒದರುವುದೇ? ನಾಚಿಕೆಯಾಯಿತು. ಸುಮ್ಮನೆ ಇಳಿದೆ.

ಜೋಳ ನನಗಿಂತ ಎತ್ತರವಿತ್ತು. ಹತ್ತು ಹೆಜ್ಜೆ ಹೋಗಿರಬೇಕು, ಬಲಗಿವಿಯ ಪಕ್ಕ ಸುಂಯ್ ಎಂದು ಏನೋ ಹಾದು ಮುಂದಿನ ದಂಟು ಮುರಿದು ಬಿತ್ತು. ನೋಡಿದರೆ ನಿಂಬೆಹಣ್ಣಿನ ಗಾತ್ರದ ಕಲ್ಲು. ಆಗಲಾದರೂ ಒದರಬಹುದಿತ್ತು. ಬುದ್ಧಿವಂತೆಯಾದ್ದರಿಂದ ಫೈಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ. ಒಳಗಿನ ಬಿಳಿ ಫಾರ್ಮುಗಳು ಗಾಳಿಗೆ ಪಟಪಟ ಅಂದವು. ಎರಡನೆಯ ಕಲ್ಲು ಫೈಲಿನ ಅಂಚಿಗೇ ಬಡಿಯಿತು. ಫಾರ್ಮುಗಳು ಜೋಳದ ತೆನೆಗಳ ಮೇಲೆಲ್ಲ ಹಾರಿದವು. ಆಮೇಲೆ ನನ್ನ ಗಂಟಲಿನಿಂದ ಹೊರಟ ಸದ್ದಿಗೆ ಪಕ್ಕದ ಹೊಲದ ಹಕ್ಕಿಗಳೂ ಎದ್ದು ಹೋದವಂತೆ.

ಅತ್ತೆ ಅಟ್ಟದಿಂದ ಇಳಿದು ಓಡಿ ಬಂದಳು. ನನ್ನ ತಲೆ, ಕಿವಿ, ಭುಜ ಮುಟ್ಟಿ ನೋಡಿ, ಎಲ್ಲ ಇದ್ದಲ್ಲೇ ಇವೆಯೆಂದು ಖಾತ್ರಿಯಾದ ಮೇಲೆ ಬೈಯಲು ಶುರು ಮಾಡಿದಳು.

"ಖೋಡಿ, ಬಾಯಾಗ ಏನ್ ಇಟ್ಕೊಂಡಿದ್ದಿ? ಒದರಬೇಕಂತ ಗೊತ್ತಿಲ್ಲೇನ?"

"ಅತ್ತಿ, ನೀ ನನಗ ಗುರಿ ಇಟ್ಟ ಹೊಡದ್ಯಲ್ಲ."

"ಗುರಿ ಇಟ್ಟಿದ್ರ ನೀ ಉಳೀತಿದ್ದೇನ? ಹಕ್ಕಿಗಿ ಯಾರರ ಗುರಿ ಇಡ್ತಾರೇನವ್ವಾ. ಅದೂ ಹೊಟ್ಟಿಗೇ ಬಂದಿರ್ತದ. ಬಾಜೂಕ, ಮಗ್ಗಲಿಗೆ, ಒಗದು ಎಬ್ಬಸೂದು. ಮೊದಲ ದಂಟು ಅಲ್ಲಾಡಿದ್ವು, ಆಮ್ಯಾಲ ಬಿಳೀದು ಏನೋ ಪಟಪಟಾ ಅಲ್ಲಾಡ್ತು, ಹಿಂಡ ಕೂತದ ಅಂತ ಬಾಜೂಕ ಒಗದೆ. ಬಾಜೂಕ ನೀ ಇದ್ದಿ."

ಆಮೇಲೆ ಬದುವಿನ ಮೇಲೆ ಕೂರಿಸಿ ನೀರು ಕುಡಿಸಿದಳು. ಬಂದ ಕೆಲಸ ಹೇಳಿದೆ. ಹರಿದ ಫಾರ್ಮೊಂದನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಅಂದಳು: "ಹಿಂದಿನ ವರ್ಷ ನಾಲ್ಕು ಹುಡುಗ್ಯಾರನ್ನ ಒಯ್ದಿದ್ಯಲ್ಲ, ಏನಾತು? ಬಸ್ಸಿನ್ಯಾಗ ದಿನಾ ಅಷ್ಟು ದೂರ ಯಾರ ಕಳಸ್ತಾರ? ದೀಪಾವಳಿಗೆ ಸಾಲಿ ಬಿಟ್ಟು ಮನ್ಯಾಗ ಕೂತಾವ. ಅಕ್ಕಲಕೋಟದಾಗ ಹೆಸರ ಹಚ್ಚಿದ್ರ ಇಷ್ಟೊತ್ತಿಗೆ ಕಲೀತಿದ್ವು."

ಕಲ್ಲಿಗಿಂತ ಈ ಮಾತು ಗಟ್ಟಿಯಾಗಿ ತಗುಲಿತು. ಆ ನಾಲ್ಕೂ ಹೆಸರುಗಳನ್ನು ನಾನೇ ನನ್ನ ಕೈಯಾರೆ ಬರೆದುಕೊಂಡಿದ್ದೆ.

ಸೋಲಾಪುರಕ್ಕೆ ಬಂದ ಮೇಲೆ ಎಂಟು ದಿನ ಕುಕ್ಕರು ಸೀಟಿ ಹೊಡೆದರೂ ತಲೆ ತಗ್ಗಿಸುತ್ತಿದ್ದೆ. ಈಗಲೂ ಫ್ಯಾನಿನ ಕೆಳಗೆ ಕೂರುವುದಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ದೊಡ್ಡ ಡಿಕ್ಷನರಿ ತೆಗೆದು, ನನ್ನನ್ನು ಹೊಲದವರೆಗೆ ಅಟ್ಟಿದ ಆ ಶಬ್ದದ ಕುಲಗೋತ್ರ ಹುಡುಕಿದೆ. ಟಾರ್ಗೆಟ್ ಅಂದರೆ ಮೊದಲು ಹೊಡೆಯುವ ಗುರುತೇ ಅಲ್ಲವಂತೆ. ಫ್ರೆಂಚರಿಂದ ಇಂಗ್ಲಿಷಿಗೆ ಬಂದ ಶಬ್ದ. ಅರ್ಥ, ಸಣ್ಣ ಗುರಾಣಿ. ಜೀವ ಉಳಿಸಿಕೊಳ್ಳಲು ಮುಂದೆ ಹಿಡಿಯುವಂಥದ್ದು. ಆಮೇಲೆ ಬಿಲ್ಲುಗಾರಿಕೆಯ ಅಭ್ಯಾಸಕ್ಕೆ ಗುರಾಣಿಯಂಥದೊಂದನ್ನು ದುಂಡಗೆ ಮಾಡಿ ನಿಲ್ಲಿಸಿದರು. ಕಾಪಾಡುವುದರ ಹೆಸರು ಏಟು ತಿನ್ನುವುದಕ್ಕೆ ಬಂತು. ಇದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ. ಭಾಷೆಗೆ ಮುನ್ನೂರು ಚಿಲ್ಲರೆ ವರ್ಷ ಹಿಡಿದ ಕೆಲಸವನ್ನು ನಾನು ಫೈಲು ಎತ್ತಿ ಅರ್ಧ ನಿಮಿಷದಲ್ಲಿ ಮುಗಿಸಿದ್ದೆ.

ಮುಂದಿನ ಸಭೆಯಲ್ಲಿ ಪ್ರಾಚಾರ್ಯರು ಎಲ್ಲರ ಸಂಖ್ಯೆ ಕೇಳುತ್ತ ನನ್ನ ಹತ್ತಿರ ಬಂದರು. ಎದ್ದು ನಿಂತು ಹೇಳಿದೆ: "ಸೊನ್ನೆ ಸರ್. ಮುಂದಿನ ವರ್ಷವೂ ಸೊನ್ನೆ. ಅಕ್ಕಲಕೋಟದಲ್ಲಿ ಓದಬೇಕಾದವರನ್ನು ನಾನು ಇಲ್ಲಿಗೆ ತರುವುದಿಲ್ಲ." ಅವರು ಅದೇ ನಗೆ ನಕ್ಕು, "ಬರಂ ಬರಂ", ಆಯ್ತು ಆಯ್ತು, ಅಂದು ಮುಂದಿನವರನ್ನು ಕೇಳಿದರು. ಜೂನ್ ತಿಂಗಳಲ್ಲಿ ವೇಳಾಪಟ್ಟಿ ಬಂತು. ಒಂಬತ್ತು ತಾಸು ನಾಲ್ಕಾಗಿತ್ತು. ಆಗಲಿ. ನಾಲ್ಕು ತಾಸನ್ನು ತಲೆಯೆತ್ತಿ ಕಲಿಸುತ್ತೇನೆ. ಮತ್ತೆ ಕೇಳಿದರೂ ಇದೇ ಉತ್ತರ.

ಈ ಧೈರ್ಯವೆಲ್ಲ ಪ್ರಾಚಾರ್ಯರ ಎದುರಿಗೆ. ಮನೆಯಲ್ಲಿ ತಾಸು ಕಡಿಮೆಯಾದದ್ದನ್ನು ಇನ್ನೂ ಹೇಳಿಲ್ಲ. ಗಂಡ ಮೊದಲಿನಂತೆ ಬೆಳಿಗ್ಗೆ ಏಳೂವರೆಗೆ ಸ್ಕೂಟರಿನಲ್ಲಿ ತಂದು ಗೇಟಿಗೆ ಬಿಡುತ್ತಾರೆ, ನನ್ನ ಕ್ಲಾಸು ಇರುವುದು ಹನ್ನೊಂದಕ್ಕೆ. ಸ್ಕೂಟರು ತಿರುವು ದಾಟುವವರೆಗೆ ಅವಸರದ ನಡಿಗೆ ನಡೆದು, ಆಮೇಲೆ ವಾಪಸು ಬಂದು ವಾಚಮನ್ ಮಾಮಾನ ಹತ್ತಿರ ಕೂರುತ್ತೇನೆ. ಮಾಮಾ ಇಂಡಿ ಕಡೆಯವರು, ಸತ್ಯವಂತರು.

"ನಿನ್ನೀನೂ ಹೇಳಲಿಲ್ಲೇನ್ರಿ ಮ್ಯಾಡಮ್?" ಅಂದರು ಇವತ್ತು, ಸ್ಟೂಲು ಸರಿಸಿ ಕೊಡುತ್ತ.

"ನಾಳೆ ಹೇಳ್ತೀನಿ ಮಾಮಾ."

"ಹಂಗಾರ ಚಹಾ ಎರಡು ಹೇಳ್ತೀನಿ," ಅಂದರು ಮಾಮಾ. "ನಾಳೀಗೂ."