ಸೊನ್ನೆ ತೂಗಿದ ಬುಟ್ಟಿ

ಗಣಿತ ವಿಭಾಗದ ಕಸದ ಬುಟ್ಟಿಗೆ ಒಬ್ಬ ಹೊಣೆಗಾರ ಬೇಕಾಗಿತ್ತು. ಸಭೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕುಳಿತಾಗ ಗುಮಾಸ್ತ ಸೀನಿದ. ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು.

ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ವಿಶ್ವವಿದ್ಯಾಲಯದ ಸ್ವಚ್ಛತಾ ಸಮಿತಿ ತಕ್ಕಡಿ ಹಿಡಿದು ಬರುತ್ತಿತ್ತು. ಬುಟ್ಟಿ ಒಂದೇ ಒಂದು ದಿನ ಸೊನ್ನೆ ತೂಗಿದರೆ ಅವನಿಗೆ ಬಿಡುಗಡೆ. ಮೂರು ತಿಂಗಳಾದರೂ ಆಗಿರಲಿಲ್ಲ. ಇವತ್ತು ಆಗಲೇಬೇಕೆಂದು ಅವನು ಬುಟ್ಟಿಯ ಪಕ್ಕ ಕಾವಿಗೆ ಕೂತ ಕೋಳಿಯಂತೆ ಕುಳಿತ.

ಪ್ರಾಧ್ಯಾಪಕರು ಕಿತ್ತಳೆ ಸಿಪ್ಪೆ ಹಿಡಿದು ಬಂದರು. "ಇದು ಹಸಿ ಕಸವೋ, ಒಣ ಕಸವೋ?"

"ಇವತ್ತಿಗೆ ನಿಮ್ಮ ಜೇಬಿನ ಕಸ, ಸಾರ್."

ಅವರು ನಕ್ಕು, ಬುಟ್ಟಿಗೇ ಹಾಕಿ ಹೋದರು. ಎದುರಿನ ರಸಾಯನ ವಿಭಾಗದ ಟೈಪಿಸ್ಟ್ ಮುರಿದ ಕೀಲಿಮಣೆ ತಂದಳು. "ನಮ್ಮ ಬುಟ್ಟಿ ತುಂಬೋಗಿದೆ. ಅಕ್ಕಪಕ್ಕದೋರು ಅಂದ್ಮೇಲೆ ಇಷ್ಟೂ ಆಗಲ್ವಾ?" ಮುಖ್ಯಸ್ಥರಂತೂ 'ಕಾಗದ ಉಳಿಸಿ' ಸುತ್ತೋಲೆಯ ಅರವತ್ತು ಪ್ರತಿ ಕಳಿಸಿದರು, ದಿನಾಂಕ ತಪ್ಪಿತ್ತಂತೆ.

ಗುಡಿಸುವ ಅಕ್ಕ ಅವನ ಊಟದ ಚೀಲವನ್ನು ಬಾಯಗಲಿಸಿ ಹಿಡಿದಳು. "ತುಂಬು ತಮ್ಮ. ಇವತ್ತು ಸೊನ್ನೆ ಮಾಡ್ಸೇ ಬಿಡ್ತೀನಿ."

ಹನ್ನೆರಡು ವರ್ಷದಿಂದ ಹಿಂಬದಿಯ ಮೆಟ್ಟಿಲ ಮೇಲೆ ಅವಳ ಫ್ಲಾಸ್ಕಿನ ಚಹಾದಲ್ಲಿ ಅರ್ಧ ಅವನದು.

ನಾಲ್ಕಾಯಿತು. ತಕ್ಕಡಿಯ ಮುಳ್ಳು ಅಲುಗಲಿಲ್ಲ. ಸಮಿತಿಯ ಅಧ್ಯಕ್ಷೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಭೇಷ್. ನಿಮಗೆ ಬಿಡುಗಡೆ. ಕಸವೇ ಇಲ್ಲದ ಕಡೆ ಗುಡಿಸೋರು ಯಾಕೆ? ಅಕ್ಕ ನಾಳೆಯಿಂದ ಆ ತುದಿ ಹಾಸ್ಟೆಲ್‌ಗೆ ಹೋಗಲಿ."

ಗುಮಾಸ್ತನ ಕಣ್ಣ ಮುಂದೆ ಖಾಲಿ ಮೆಟ್ಟಿಲು ಬಂದು ನಿಂತಿತು. ಅಕ್ಕ ಅವನತ್ತ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. ಪಾಪ, ಹೆದರಿದ್ದಾಳೆ ಎಂದುಕೊಂಡು ಅವನು ಚೀಲವನ್ನು ಬೋರಲು ಮಾಡಿದ. ಸಿಪ್ಪೆ, ಕೀಲಿಮಣೆ, ಅರವತ್ತು ಸುತ್ತೋಲೆ ಅಧ್ಯಕ್ಷೆಯ ಚಪ್ಪಲಿಯ ಮೇಲೆ ಬಿದ್ದವು.

"ಇದು ಇವತ್ತಿನದು ಮೇಡಂ. ಬಚ್ಚಿಟ್ಟಿದ್ದೆ."

"ಹಾಗಾದ್ರೆ ಬುಟ್ಟಿ ನಿಮ್ಮದೇ, ಅಕ್ಕ ಇಲ್ಲೇ. ನಾಳೆಯಿಂದ ಚೀಲವನ್ನೂ ತೂಗ್ತೀವಿ."

ಮೆಟ್ಟಿಲ ಮೇಲೆ ಅಕ್ಕ ಚಹಾ ಬಗ್ಗಿಸಿದಳು.

"ನಿನ್ನ ಉಳಿಸ್ಕೊಂಡೆ ನೋಡಕ್ಕ," ಎಂದ.

"ಹಾಸ್ಟೆಲ್ ಎದುರೇ ನನ್ನ ಮಗಳ ಮನೆ ತಮ್ಮ. ಮೊಮ್ಮಗು ಹುಟ್ಟಿದಾಗಿಂದ ಅಲ್ಲಿಗೆ ಹಾಕಿ ಅಂತ ಮೇಡಂನ ಕೇಳ್ತಿದ್ದೆ. ಬುಟ್ಟಿ ಸೊನ್ನೆ ಆದ್ರೆ ಕಳಿಸ್ತೀನಿ ಅಂದಿದ್ರು."

ಅವನ ಮುಖ ಲೋಟದೊಳಗೆ ಇಳಿಯಿತು. ಅಕ್ಕ ತನ್ನ ಪಾಲಿನಿಂದಲೂ ಒಂದು ಗುಟುಕು ಅವನ ಲೋಟಕ್ಕೆ ಸುರಿದಳು.

"ಕುಡಿ, ಆರತ್ತೆ. ನಾಳೆ ದೊಡ್ಡ ಜೇಬಿರೋ ಅಂಗಿ ಹಾಕ್ಕೊಂಡ್ ಬಾ."