ಮಲಾಡಿಗೆ ಬಂದ ಲಂಡನ್ ಡಿಪ್ಲೊಮಾ

ವಿಮಾನದಲ್ಲಿ ಬಂದ ವಿದ್ಯೆ ಮುಂಬಯಿಯಲ್ಲಿ ಲೋಕಲ್ ಹತ್ತಿದ ಮೇಲೆ ಅದರ ಇಸ್ತ್ರಿ ಉಳಿಯುವುದಿಲ್ಲ. ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

ಎಂಬತ್ತರ ದಶಕದ ಕೊನೆಯಲ್ಲಿ ಲಂಡನ್ನಿನ ಒಂದು ಕಾಲೇಜು ಮಲಾಡ್ ಮಾರ್ಕೆಟ್ಟಿನ ಮೇಲಿನ ಮಾಳಿಗೆಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಶುರುಮಾಡಿತು. ಪದವಿ ಇದ್ದವರಿಗೆ ಮಾತ್ರ ಎಂದರು. ನಾನು ಹೋಟೆಲ್ ಕಾರ್ಮಿಕರ ಸಂಘದವನು. ಮೆಟ್ರಿಕ್ ಮುಟ್ಟಿದವನಲ್ಲ, ಓದಿದ್ದೆಲ್ಲ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯ ಮುಂದೆ ನಿಂತುಕೊಂಡೇ. ಹೋಟೆಲಿನಲ್ಲಿ ಬೆವರು ಸುರಿಸುವವರಿಗೆ ಹೋಟೆಲಿನ ಪಾಠ ಯಾಕಿಲ್ಲ ಎಂದು ಅವರ ಬಾಗಿಲಲ್ಲಿ ಗಂಟಲು ಹರಿಯುವಂತೆ ಕೂಗಿದೆ. ಕೊನೆಗೆ ಅನುಭವ ಇದ್ದವರನ್ನೂ ಸೇರಿಸಿಕೊಂಡರು. ನಾನು ಅವರ ಪ್ರತಿನಿಧಿಯೆಂದು ಹಿಂದಿನ ಬೆಂಚಿನಲ್ಲಿ ಚಡಪಡಿಸುತ್ತ ಕೂತೆ.

ಚಡಪಡಿಕೆಗೆ ಕಾರಣ ಒಬ್ಬಳು ಹೆಂಗಸು. ಉಡುಪಿ ಕಡೆಯವಳು, ವಿಕ್ರೋಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್. ನನಗೆ ಅಣ್ಣ ಅನ್ನುತ್ತಿದ್ದಳು, ನಾನು ತಂಗಿ ಅನ್ನುತ್ತಿದ್ದೆ. ಕ್ಯಾಂಟೀನಿನ ಮ್ಯಾನೇಜರ್ ಜಾಗ ಖಾಲಿಯಾಗಿತ್ತು. ಡಿಪ್ಲೊಮಾ ತಂದರೆ ಅವಳಿಗೆ, ಇಲ್ಲವಾದರೆ ಹೊರಗಿನ ಯಾವನೋ ಟೈ ಕಟ್ಟಿದವನಿಗೆ.

ಬಿಸಿಯಿಲ್ಲದ ಸೂಪು

ಲಂಡನ್ನಿನಿಂದ ಬಂದ ಮೇಷ್ಟ್ರನ್ನು ಎಲ್ಲರೂ ಸಾಹೇಬ ಎನ್ನುತ್ತಿದ್ದರು. ಫ್ಯಾನಿನ ಕೆಳಗೆ ಕೂತೂ ಬೆವರುವ ಸಾಧು ಮನುಷ್ಯ. ಒಂದು ದಿನ ಖಾಲಿ ಬಟ್ಟಲು ಮುಂದಿಟ್ಟುಕೊಂಡು, "ನಾನು ಗಿರಾಕಿ. ಸೂಪು ತಣ್ಣಗಿದೆ. ಸಿಟ್ಟು ಬಂದಿದೆ. ಸಮಾಧಾನ ಮಾಡಿ" ಎಂದ. ಪುಸ್ತಕದ ಪ್ರಕಾರ ಕ್ಷಮೆ ಕೇಳಿ ಬೇರೆ ಸೂಪು ತರಬೇಕು.

ಎದ್ದವನು ಬೈಕುಲ್ಲಾದ ಉಡುಪಿ ಹೋಟೆಲಿನ ಕ್ಯಾಷಿಯರ್. ಅವನ ಹೋಟೆಲಿನಲ್ಲಿ ಕ್ಷಮೆ ಕೇಳುವ ಪದ್ಧತಿಯೇ ಇಲ್ಲ. ಗಿರಾಕಿ ಕೂಗಿದರೆ ಅವನ ಎದುರಿಗೇ ಸಪ್ಲೈಯರನ್ನು ಬೈಯಬೇಕು, ಬೈಸಿಕೊಂಡವನು ಒಳಗೆ ಹೋಗಿ ನಗಬೇಕು, ಎಲ್ಲರಿಗೂ ಸಮಾಧಾನ. ಅವನು ತಂಗಿಯನ್ನೇ ಸಪ್ಲೈಯರ್ ಮಾಡಿಕೊಂಡು ಶುರುಮಾಡಿದ.

"ಎಂತ, ಕಣ್ಣು ಕಾಣುದಿಲ್ವಾ ನಿಂಗೆ? ಸಾಹೇಬ್ರಿಗೆ ತಣ್ಣೀರು ಕೊಡ್ತೀಯಾ? ಇವತ್ತೇ ಗಂಟು ಕಟ್ಟು, ಊರಿನ ಬಸ್ಸು ಹತ್ತು!"

ತಂಗಿ ಸೆರಗನ್ನು ಕಣ್ಣಿಗೊತ್ತಿಕೊಂಡಳು. "ಬೇಡಿ ಧಣಿ, ಮನೆಯಲ್ಲಿ ಮುದಿ ಅತ್ತೆ ಇದ್ದಾರೆ" ಎಂದು ಬಿಕ್ಕಿದಳು. ಅವಳಿಗೆ ಮದುವೆಯೇ ಆಗಿರಲಿಲ್ಲ.

ಭಾಷೆ ತಿಳಿಯದ ಸಾಹೇಬನಿಗೆ ಕಣ್ಣೀರು ತಿಳಿಯಿತು. ಗಾಬರಿಯಿಂದ ಎದ್ದು ಕ್ಯಾಷಿಯರನ ಕೈ ಹಿಡಿದ. ಆಮೇಲೆ ಚಮಚವನ್ನು ಖಾಲಿ ಬಟ್ಟಲಿಗೆ ಅದ್ದಿ ಬಾಯಿಗಿಟ್ಟುಕೊಂಡು ಹೇಳಿದ: "ಬಿಸಿ ಇದೆ! ಬಹಳ ಬಿಸಿ ಇದೆ! ಅವಳನ್ನು ಕೆಲಸದಿಂದ ತೆಗೆಯಬೇಡಿ!"

ವಿರೋಧಿಸಲು ಅಪ್ಪಣೆ

"ನಾನು ಹೇಳಿದ್ದನ್ನು ತಲೆಯಾಡಿಸಿ ಕೇಳಬೇಡಿ, ವಿರೋಧಿಸಿ. ವಿರೋಧಿಸದವರಿಗೆ ಮಾರ್ಕಿಲ್ಲ" ಎಂದ ಸಾಹೇಬ. ಲಂಡನ್ನಿನಲ್ಲಿ ಹಾಗಂತೆ. ನನಗೆ ಹಬ್ಬ. ಹುಟ್ಟಿದಾರಭ್ಯ ನಾನು ಮಾಡಿದ್ದು ಅದೊಂದೇ, ಯಾರೂ ಮಾರ್ಕು ಕೊಟ್ಟಿರಲಿಲ್ಲ.

ಆದರೆ ತರಗತಿಯಲ್ಲಿ ಪಿಟ್ಟೆಂದವರಿಲ್ಲ. ಹೊರಗೆ ಬಂದು ತಂಗಿಯನ್ನು ತರಾಟೆಗೆ ತೆಗೆದುಕೊಂಡೆ. "ದಿನಾ ತರಕಾರಿಯವನ ಜೊತೆ ಜಗಳ ಆಡ್ತೀಯ. ಇಲ್ಲಿ ಬಾಯಿಗೆ ಏನಾಗಿದೆ?"

"ಅವ ಕೊಳೆತ ಟೊಮೇಟೊ ತರ್ತಾನೆ ಅಣ್ಣ. ಈ ಪಾಪದವರು ಎಂತ ತಂದಿದ್ದಾರೆ ಬೈಯ್ಲಿಕ್ಕೆ?"

ಮರುದಿನ ಕೊನೆಗೂ ಒಬ್ಬ ಎದ್ದ. ಮೈಸೂರು ಕಡೆಯ ಗುಮಾಸ್ತ, ಆಫೀಸಿನಲ್ಲಿ ಕೂದಲು ನರೆಸಿಕೊಂಡವನು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕೈಕಟ್ಟಿ ಶುರುಮಾಡಿದ: "ಸಾರ್, ತಾವು ಅಪ್ಪಣೆ ಕೊಟ್ಟಿರೋದರಿಂದ, ತಮ್ಮ ಮಾತು ತಪ್ಪು ಅಂತ ಭಾವಿಸೋದಕ್ಕೆ ದಯವಿಟ್ಟು ಅನುಮತಿ ಕೊಡಬೇಕಾಗಿ ವಿನಂತಿ."

ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ಅದು ವಿರೋಧವೋ ರಜೆಯ ಅರ್ಜಿಯೋ ಸಾಹೇಬನಿಗೆ ತಿಳಿಯಲಿಲ್ಲ. ಅರ್ಧ ಮಾರ್ಕು ಕೊಟ್ಟು, ಎರಡು ದಿನ ರಜೆ ಬೇಕಾ ಎಂದು ಕೇಳಿದ.

ಏಳದ ಗಿರಾಕಿ

ಕೊನೆಯ ಪರೀಕ್ಷೆ ಕ್ಯಾಷಿಯರನ ಹೋಟೆಲಿನಲ್ಲೇ, ಊಟದ ಗಲಾಟೆ ಮುಗಿದು ಜನ ಕಡಿಮೆ ಇರುವ ಇಳಿಮಧ್ಯಾಹ್ನ. ತಂಗಿಗೆ ಬಂದ ಪ್ರಶ್ನೆ ಇದು: ಗಿರಾಕಿಯ ಊಟ ಮುಗಿದಿದೆ, ಏಳುತ್ತಿಲ್ಲ, ಹೊರಗೆ ಜನ ಕಾಯುತ್ತಿದ್ದಾರೆ. ಮೇಜು ಖಾಲಿ ಮಾಡಿಸುವುದು ಹೇಗೆ? ಪುಸ್ತಕದ ಉತ್ತರ: "ಲೌಂಜಿನಲ್ಲಿ ಕಾಫಿ ಕುಡಿಯುತ್ತೀರಾ?" ಅನ್ನಬೇಕು.

ನನಗೆ ತಡೆಯಲಾಗಲಿಲ್ಲ. ನನ್ನ ಹರಕು ಇಂಗ್ಲಿಷಿನಲ್ಲೇ ಕೇಳಿದೆ: "ಲೌಂಜ್ ಎಂದರೇನು?"

"ಊಟ ಮಾಡಿ ಎದ್ದವರು ಆರಾಮಾಗಿ ಕೂರುವ ಜಾಗ."

"ನಮ್ಮಲ್ಲಿ ಅದಕ್ಕೆ ಫುಟ್‌ಪಾತ್ ಅಂತಾರೆ. ಅಲ್ಲೂ ಜಾಗ ಇಲ್ಲ. ನಮ್ಮ ಅಳತೆಗೆ ಪಾಠ ಹೊಲಿಸಿ, ಇಲ್ಲ ಗಂಟು ಕಟ್ಟಿ!"

ಸಾಹೇಬ ಬೆವರು ಒರೆಸಿಕೊಂಡ. "ಸರಿ, ನಿಮ್ಮ ರೀತಿಯಲ್ಲೇ ಮಾಡಲಿ. ಆದರೆ ಹೋಗಿ ಅನ್ನಬಾರದು, ಅವಮಾನ ಮಾಡಬಾರದು." ತಾನೇ ಗಿರಾಕಿಯಾಗಿ, ಚಹಾ ತರಿಸಿಕೊಂಡು ಪೇಪರು ಬಿಡಿಸಿ ಕೂತ.

ತಂಗಿ ಗುಮಾಸ್ತನನ್ನು ಕರೆದು ಸಾಹೇಬನ ಕುರ್ಚಿಯ ಬೆನ್ನು ಹಿಡಿಸಿ ನಿಲ್ಲಿಸಿದಳು. ಊಟದ ಹೊತ್ತಿಗೆ ಮುಂಬಯಿಯ ಯಾವ ಹೋಟೆಲಿಗೆ ಹೋದರೂ ಇದೇ ನೋಟ: ಉಣ್ಣುವವನ ಹಿಂದೆ ಮುಂದಿನವನು ನಿಂತು ತುತ್ತು ನೋಡುತ್ತಾನೆ. ಸಾಹೇಬ ಪುಟ ತಿರುಗಿಸಿದರೆ ಗುಮಾಸ್ತ ಭುಜದ ಮೇಲಿಂದ ಬಗ್ಗಿ, "ಆ ಪುಟ ನಾನಿನ್ನೂ ಓದಿ ಮುಗಿಸಿಲ್ಲ ಸಾರ್" ಎಂದ. ಸಾಹೇಬ ಬಿಸಿ ಚಹಾ ಒಂದೇ ಗುಟುಕಿಗೆ ಸುರಿದುಕೊಂಡು, ನಾಲಗೆ ಸುಟ್ಟುಕೊಂಡು ಎದ್ದ. ಗುಮಾಸ್ತ ಕೂತ.

"ಇದು ಹಿಂಸೆ! ಅವಮಾನ! ಫೇಲ್!" ಎಂದ ಸಾಹೇಬ.

ತಂಗಿಯ ಮುಖ ಬಿಳಚಿಕೊಂಡಿತು. ವಿಕ್ರೋಳಿಯ ಕುರ್ಚಿ ಟೈ ಕಟ್ಟಿದವನ ಪಾಲಾಗುತ್ತಿತ್ತು. ಗುಮಾಸ್ತನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ನಾನು ಕೂತೆ. "ಇವಳಿಗೆ ಪಾಸು ಕೊಡುವ ತನಕ ಏಳುವುದಿಲ್ಲ. ಧರಣಿ! ಪೊಲೀಸರನ್ನು ಕರೆಸಿ. ಇಲ್ಲಿಯವರು ಸಾಲದಿದ್ದರೆ ಲಂಡನ್ನಿನವರನ್ನೂ ಕರೆಸಿ!"

"ಏಳಿ ಮಾರಾಯ್ರೆ, ಇದ್ದ ಮಾರ್ಕೂ ಹೋಗ್ತದೆ" ಎಂದು ತಂಗಿ ಪಿಸುಗುಟ್ಟಿದಳು.

"ಏಳುವವನಲ್ಲ!"

ಅವಳು ಮತ್ತೆ ವಾದ ಮಾಡಲಿಲ್ಲ. ಬಾಲ್ದಿಯಿಂದ ಒದ್ದೆ ಬಟ್ಟೆ ಎತ್ತಿಕೊಂಡು ಬಂದು, "ಬೇರೆ ಎಂತ ಬೇಕು ಅಣ್ಣ?" ಎಂದು ನಗುನಗುತ್ತ ಮೇಜನ್ನು ಆಚೆ ತುದಿಯಿಂದ ನನ್ನ ಕಡೆಗೆ ಒರೆಸತೊಡಗಿದಳು. ಮೊದಲು ಉಂಡವರು ಚೆಲ್ಲಿದ ಸಾಂಬಾರು, ಚಟ್ನಿ, ಕರಿಬೇವು ಎಲ್ಲ ಮೆರವಣಿಗೆ ಹೊರಟು ನನ್ನ ಬಿಳಿ ಪೈಜಾಮದ ಕಡೆಗೆ ಬಂದವು. ಮೇಜಿನ ಅಂಚಿನಲ್ಲಿ ಮೊದಲ ಹನಿ ತೂಗಿತು.

ಪೊಲೀಸರು ನಾಲ್ಕು ಜನ ಸೇರಿ ಎತ್ತಿದರೂ ಏಳದವನು ನಾನು. ಈಗ ಎದ್ದಿದ್ದೇನೆಂದು ನನಗೆ ಗೊತ್ತಾದದ್ದು ನಿಂತ ಮೇಲೆಯೇ.

ಸಾಹೇಬ ನನ್ನನ್ನು ನೋಡಿದ, ಒಂದು ಹನಿಯೂ ಬೀಳದ ನನ್ನ ಪೈಜಾಮ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಖಾಲಿಯಾದ ಕುರ್ಚಿಯಲ್ಲಿ ಕೂತು "ಪಾಸ್" ಎಂದು ಬರೆದ.

"ನೋಡಿದಿರಾ ಧರಣಿಯ ತಾಕತ್ತು!" ಎಂದು ನಾನು ಮುಷ್ಟಿ ಎತ್ತಿದೆ.

ತಂಗಿ ಬಟ್ಟೆ ಹಿಂಡುತ್ತ ಹೇಳಿದಳು: "ನೀವು ಕೂತದ್ದಕ್ಕೆ ಅಲ್ಲ ಅಣ್ಣ, ಎದ್ದದ್ದಕ್ಕೆ."