ಮೋಜಣಿ ಸಾಹೇಬರ ಕುಂಚಿಗೆ ನಕ್ಷೆ

ಶಲವಡಿಯ ಮೋಜಣಿದಾರ ಶಂಭುಲಿಂಗಪ್ಪನವರಿಗೆ ಈ ಭೂಮಂಡಲದಲ್ಲಿ ಒಂದೇ ಒಂದು ದುಃಖ. ಮೂವತ್ತು ವರ್ಷ ಸರಪಳಿ ಎಳೆದು, ಸುತ್ತಲಿನ ಹೊಲಗಳನ್ನೆಲ್ಲ ಅಳೆದು ನಕ್ಷೆ ಬರೆದರೂ, ಸ್ವಂತ ಹೆಂಡತಿ ಮಾತ್ರ ಒಂದನ್ನಾದರೂ ನೋಡಿ ಮೆಚ್ಚಿದ್ದಿಲ್ಲ. (ಒಮ್ಮೆ ಒಂದನ್ನು ಬಿಚ್ಚಿ ನೋಡಿದ್ದಳು. ಹಪ್ಪಳ ಹರವಲಿಕ್ಕೆ ಬಂದೀತೇ ಎಂದು ಕೇಳಿದ್ದಳು.)

ಹೆಂಡತಿ ಸಾವಿತ್ರೆವ್ವನ ದುಃಖ ಬೇರೆ. ಊರಲ್ಲಿ ಯಾರ ಕೂಸೇ ಹುಟ್ಟಲಿ, ಅದರ ತಲೆ ಬೆನ್ನು ಮುಚ್ಚುವ ಖಣದ ಕುಂಚಿಗೆ ಅವಳ ಕೈಯದೇ. ಇಪ್ಪತ್ತು ವರ್ಷ ಕೈಸೂಜಿಯಲ್ಲೇ ಹೊಲಿದು ಬೆರಳ ತುದಿ ಜರಡಿಯಾಗಿತ್ತು. ಒಂದು ಹೊಲಿಗೆ ಮಿಶಿನ್ ಬೇಕೆಂದು ಕೇಳಿದಾಗಲೆಲ್ಲ ಸಾಹೇಬರು "ನೋಡೂಣಂತ" ಅನ್ನುವರು. ನೋಡುತ್ತ ನೋಡುತ್ತ ೧೯೮೪ನೇ ಇಸವಿ ಬಂತು.

ಆ ವರ್ಷ ಅಣ್ಣಿಗೇರಿಯ ಮಹಿಳಾ ಮಂಡಳದವರು ಒಂದು ಸ್ಪರ್ಧೆ ಸಾರಿದರು. ಮನೆಯಲ್ಲಿ ಹೊಲಿಯುವ ಯಾವುದಾದರೂ ಉಡುಪಿನ ನಕ್ಷೆಯನ್ನು ಹಾಳೆಯ ಮೇಲೆ ಬರೆದು ತರಬೇಕು. ಬೇರೊಬ್ಬಾಕೆ ಅದನ್ನು ನೋಡಿ, ಬರೆದವರನ್ನು ಏನೂ ಕೇಳದೆ, ಅಲ್ಲೇ ಕತ್ತರಿಸಿ ಹೊಲಿಯುತ್ತಾಳೆ. ಎಲ್ಲಕ್ಕಿಂತ ಸರಿಯಾಗಿ ಕೂತ ಉಡುಪಿನ ನಕ್ಷೆಗೆ ಹೊಲಿಗೆ ಮಿಶಿನ್ ಬಹುಮಾನ!

"ನಕ್ಷಿ ಅಂದ ಮ್ಯಾಲೆ ಮುಗೀತಲ್ಲ!" ಸಾಹೇಬರು ಮೀಸೆ ತೀಡಿದರು. "ಮಿಶಿನ್ ಬಂದಂಗ ತಿಳಿ. ಎಲ್ಲಿ ಇಡೂದು, ಅಷ್ಟ ವಿಚಾರ ಮಾಡು."

"ಕುಂಚಿಗಿ ಹೊಲ್ಯಾಕಿ ನಾನು. ನಾನ ಬರೀತೀನ್ರಿ."

"ನೀನು? ನಕ್ಷಿ ಬರಿಯೂದಂದ್ರ ರೊಟ್ಟಿ ಬಡದಂಗಲ್ಲ, ಸರಿ ಆ ಕಡೆ!"

ಎರಡು ದಿನ ಸಾಹೇಬರು ಊಟಕ್ಕೆ ಮಾತ್ರ ಎದ್ದರು. ದೊಡ್ಡ ಹಾಳೆಯ ಮೇಲೆ ಕೆಂಪು, ಹಸಿರು, ಕರಿ ಶಾಯಿಗಳಲ್ಲಿ ಕುಂಚಿಗೆ ಅವತರಿಸಿತು. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ಪಕ್ಕದಲ್ಲಿ ಚಕ್ಕುಬಂದಿ: ಪೂರ್ವಕ್ಕೆ ಬಲಗಿವಿ, ಪಶ್ಚಿಮಕ್ಕೆ ಎಡಗಿವಿ, ಉತ್ತರಕ್ಕೆ ನೆತ್ತಿ, ದಕ್ಷಿಣಕ್ಕೆ ಬೆನ್ನು. ಕೆಳಗೆ ಘನಗಂಭೀರ ಸಹಿ.

ಸಾವಿತ್ರೆವ್ವ ಬಗ್ಗಿ ನೋಡಿದಳು. "ಹೊಲಿಗಿ ಹಿಡಿಯಾಕ ಎರಡ ಬೆರಳು ಅರಿವಿ ಎಲ್ಲಿ ಬಿಟ್ಟೀರಿ?"

"ಅಳತಿ ಅಂದ್ರ ಅಳತಿ! ಬೆರಳು ಲೆಕ್ಕಾ ಹಿಡಿಯಾಕ ಇದೇನು ಅನ್ನಕ್ಕಿಡೋ ನೀರೇನು?"

ಸಾಹೇಬರು ಚಾವಡಿಗೆ ಹೋದದ್ದೇ ತಡ, ಅವಳು ಹಾಳೆಯನ್ನು ಮಗುಚಿ ಹಾಕಿದಳು. ಹಳೆಯ ಕುಂಚಿಗೆಯೊಂದರ ಹೊಲಿಗೆ ಬಿಚ್ಚಿ, ಮಡಿಚಿ ಅದರ ಮೇಲಿಟ್ಟಳು. ಸಾಹೇಬರದೇ ಪೆನ್ಸಿಲಿನಿಂದ ಅಂಚಿಗುಂಟ ರಂಗೋಲಿಯ ಹಾಗೆ ಚುಕ್ಕಿ ಇಟ್ಟು ಎಳೆ ಕೂಡಿಸಿದಳು. ಹೊಲಿಗೆ ಎಲ್ಲಿ ಬೀಳಬೇಕೋ ಅಲ್ಲಿ, ಎರಡು ಬೆರಳು ಒಳಗೆ, ಇನ್ನೊಂದು ಚುಕ್ಕಿಸಾಲು. ನಿರಿಗೆ ಎಷ್ಟಗಲ ಎಂಬುದಕ್ಕೆ ತನ್ನ ಅಂಗೈಯನ್ನೇ ಊರಿ, ಬಳೆಯ ಸಮೇತ ಸುತ್ತಲೂ ಗೆರೆ ಎಳೆದಳು. ಆಮೇಲೆ ಹಾಳೆಯನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಗೂಟಕ್ಕೆ ತೂಗುಹಾಕಿ, ಏನೂ ಅರಿಯದವಳಂತೆ ಒಲೆಯ ಮುಂದೆ ಕೂತಳು.

ಸ್ಪರ್ಧೆಯ ದಿನ ಸಾಹೇಬರು ಇಸ್ತ್ರಿ ಕೋಟು, ರುಮಾಲು ಧರಿಸಿ ಮುಂದಿನ ಸಾಲಿನಲ್ಲೇ ವಿರಾಜಮಾನರಾದರು. (ಅಷ್ಟೂ ಹೆಂಗಸರ ನಡುವೆ ಗಂಡಸು ಅವರೊಬ್ಬರೇ.) ಹೊಲಿಯುವಾಕೆ ಹಸನಬಿ, ಅಣ್ಣಿಗೇರಿಯಲ್ಲಿ ಹೆಸರಾದ ದರ್ಜಿ. ಅವಳು ಹಾಳೆ ಹರವಿ, ಅತ್ತಿತ್ತ ತಿರುಗಿಸಿ, ಕಣ್ಣು ಕಿರಿದು ಮಾಡಿ ಕೇಳಿದಳು: "ಇದು ಯಾರ ಹೊಲಾರೀ?"

ಮಂದಿ ಘೊಳ್ಳೆಂದರು. ಹಸನಬಿ ಇಂಚು ಲೆಕ್ಕ ಓದಿ, ಗೆರೆಗೆ ಸರಿಯಾಗಿ ಕತ್ತರಿಸಿ, ಹೊಲಿದು, ಅಲ್ಲೇ ಕೂತಿದ್ದ ನೀಲಕ್ಕನ ಮೂರು ತಿಂಗಳ ಕೂಸಿನ ತಲೆಗೆ ಹಾಕಿದಳು. ಕುಂಚಿಗೆ ನೆತ್ತಿಯ ಮೇಲೆ ನಿಂತಿತು. ಎಳೆದರೂ ಇಳಿಯದು. ಕೂಸು ಕಿಟಾರನೆ ಕಿರುಚಿಕೊಂಡಿತು.

ಸಾಹೇಬರು ಎದ್ದು ನಿಂತರು. "ನಕ್ಷಿ ಬರೋಬ್ಬರಿ ಐತ್ರಿ! ಕೂಸಿನ ತಲಿ ಅತಿಕ್ರಮಣ ಮಾಡೇತಿ!"

"ಏನಂದ್ರಿ? ನನ್ನ ಮಗನ ತಲಿಗೆ ಏನಾಗೇತಿ?" ನೀಲಕ್ಕ ಸೆರಗು ಬಿಗಿದು ಎದ್ದಳು.

ಅಧ್ಯಕ್ಷೆಯ ಕೈ ಆಗಲೇ ಮುಂದಿನ ಹಾಳೆಯತ್ತ ಹೋಗುತ್ತಿತ್ತು. ಹೆಂಗಸರ ನಡುವೆ ಕೂತಿದ್ದ ಸಾವಿತ್ರೆವ್ವ ಧಡಕ್ಕನೆ ಎದ್ದಳು. ಮಿಶಿನ್ ಅಲ್ಲೇ, ನಾಲ್ಕು ಮಾರು ದೂರದಲ್ಲಿ ಹೊಳೆಯುತ್ತ ಕೂತಿತ್ತು. ಇಂದು ತಪ್ಪಿದರೆ ಮತ್ತೆ "ನೋಡೂಣಂತ"ವೇ ಗತಿ.

"ಹಾಳಿ ಹೊಳ್ಳಿಸಿ ನೋಡ್ರಿ!" ಎಂದು ಕೂಗಿಯೇಬಿಟ್ಟಳು.

"ಬರದವರು ಮಾತಾಡೂಹಂಗಿಲ್ಲ," ಅಂದಳು ಅಧ್ಯಕ್ಷೆ.

"ಕೇಳಬಾರದು ಅಂದೀರಿ. ಹೇಳಬಾರದು ಅಂತ ಎಲ್ಲಿ ಅಂದೀರಿ?"

ಹಸನಬಿ ಅಷ್ಟರೊಳಗೆ ಹಾಳೆ ಮಗುಚಿದ್ದಳು. ಅವಳ ಮುಖ ಅರಳಿತು. "ಯವ್ವಾ, ಇದು ನಮ್ಮ ಭಾಷಾದಾಗ ಐತಿ!" ಅಂದವಳೇ ಟೇಪು ಬದಿಗಿಟ್ಟಳು. ಗೆರೆಯ ಮೇಲೆ ಬಟ್ಟೆ ಇಟ್ಟಳು, ಕತ್ತರಿಸಿದಳು, ಹಾಳೆಯಲ್ಲಿ ಬರೆದ ಅಂಗೈಯ ಮೇಲೆ ಇಟ್ಟು ಇಟ್ಟು ನಿರಿಗೆ ಹಿಡಿದಳು. ಹೊಲಿಗೆ ಮುಗಿದು ಕುಂಚಿಗೆ ತೊಡಿಸಿದಾಗ ಕೂಸು ಒಂದು ಆಕಳಿಕೆ ತೆಗೆದು, ಅದರೊಳಗೇ ನಿದ್ದೆ ಹೋಯಿತು.

ಉಳಿದ ಉಡುಪುಗಳನ್ನೂ ನೋಡಿದರು, ಆದರೆ ಆ ನಿದ್ದೆಗೆ ಸರಿಗಟ್ಟುವುದು ಒಂದೂ ಇರಲಿಲ್ಲ. ಬಹುಮಾನ ಸಾರಿದಾಗ ಚಪ್ಪಾಳೆಯೋ ಚಪ್ಪಾಳೆ! ನಕ್ಷೆಗೆ ಬಿದ್ದ ಚಪ್ಪಾಳೆಯೆಂದು ಸಾಹೇಬರು ರೂಢಿಯಂತೆ ರುಮಾಲು ಸರಿಮಾಡಿಕೊಂಡು ಅರ್ಧ ಎದ್ದರು. ಹಸನಬಿ ಹಾಳೆ ಎತ್ತಿ ತೋರಿಸಿದಳು. "ಕುಂದರ್ರಿ ಸಾಹೇಬ್ರ. ಈ ಕೈಯಾಗ ಬಳಿ ಅದಾವ."

ಸಾವಿತ್ರೆವ್ವ ಮಿಶಿನ್ನಿನ ಗಾಲಿಯನ್ನು ಒಮ್ಮೆ ತಿರುಗಿಸಿ ನೋಡಿ, ನಗುತ್ತ ಅತ್ತಳು. ಸಾಹೇಬರಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ, ಎದೆಯೂ ಉಬ್ಬಿತು. ಬಸ್ಸಿನಲ್ಲಿ ಇಡೀ ದಾರಿ ಮಿಶಿನ್ನನ್ನು ತಬ್ಬಿಕೊಂಡು ಕೂತವರು ಅವರೇ.

ವಾರ ಕಳೆಯುವುದರೊಳಗೆ ಮನೆ ತುಂಬ ಹೆಂಗಸರು, ಬಟ್ಟೆ, ಚುಕ್ಕಿ ಇಟ್ಟ ಹಾಳೆ. ಸಾಹೇಬರ ಕುರ್ಚಿಯ ಮೇಲೂ ಖಣದ ಗಂಟು. ಅಂಥದರಲ್ಲಿ ರೈತ ಶಿದ್ಲಿಂಗಪ್ಪ ಬಂದು ಬಾಗಿಲಲ್ಲಿ ಕೈ ಮುಗಿದ.

"ಸಾಹೇಬ್ರ, ನಮ್ಮ ಹೊಲಾ ಅಳೀಬೇಕಿತ್ತು."

ಸಾಹೇಬರ ಮುಖ ಬೆಳಗಿತು. "ಬಾರಪಾ, ಬಾ! ನಾಳೆನ ಅಳದು ನಕ್ಷಿ ಬರದುಕೊಡ್ತೀನಿ."

"ಅಳಿಯೂದು ನೀವ ಅಳೀರಿ." ಶಿದ್ಲಿಂಗಪ್ಪ ತಲೆ ಕೆರೆದುಕೊಂಡ. "ನಕ್ಷಿ ಮಾತ್ರ ಅಕ್ಕಾರು ಬರದ್ರ ಛಲೋ ಆಕ್ಕಿತ್ರಿ."

"ಹೊಲಾ ಅಂದ್ರ ಕುಂಚಿಗಿ ಅಂತ ತಿಳದೀಯೇನಲೇ?"

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಕುಂಚಿಗಿ ಬಿಗಿ ಆದ್ರ ಬಿಚ್ಚಿ ಮತ್ತೊಮ್ಮೆ ಹೊಲೀಬಹುದು. ನನ್ನ ಹೊಲಾ ಬಿಗಿ ಆತಂದ್ರ ಯಾರ ಕಡೆ ಒಯ್ದು ಬಿಚ್ಚಸ್ಲಿ?"